ಅಮಾಸಿ ಸ್ಕ್ಯಾನು ಮತ್ತು ಆನೆಮರಿ

ನಾನು ಒಂದು ಕಂಪ್ಯೂಟರ್. ಹೀಗೆಂದು ಎದೆ ತಟ್ಟಿ ಹೇಳುವ ಧೈರ್ಯ ಈಗ ನನಗಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ. ಸದ್ಯಕ್ಕೆ ಹಾಗೆಂದೇ ಇಟ್ಟುಕೊಳ್ಳಿ.

ಗೊಂದಲ ಹುಟ್ಟಿನಿಂದಲೇ ನನ್ನ ಬೆನ್ನು ಹತ್ತಿದೆ. ಹುಬ್ಬಳ್ಳಿಯ ಒಂದು ಮಹಡಿ ಅಂಗಡಿಯಲ್ಲಿ, ಚಹಾದ ಕಲೆಗಳಿದ್ದ ಟೇಬಲ್ಲಿನ ಮೇಲೆ, ಒಬ್ಬಾತ ಸ್ಕ್ರೂಡ್ರೈವರ್ ಹಿಡಿದು ನನ್ನನ್ನು ಜೋಡಿಸಿದ. ತಗಡಿನ ಪೆಟ್ಟಿಗೆ ಒಂದು ಕಡೆಯದು, ಬೋರ್ಡು ಇನ್ನೊಂದು ದೇಶದ್ದು, ಫ್ಯಾನು ಯಾವುದೋ ಸತ್ತ ಯಂತ್ರದ್ದು. ಇವುಗಳಲ್ಲಿ ನಾನು ಯಾವುದು ಎಂದು ಕೇಳಿದರೆ ಅವನಿಗೂ ಗೊತ್ತಿರಲಿಕ್ಕಿಲ್ಲ. ಕೊನೆಗೆ ಒಂದು ಸಿ.ಡಿ. ಹಾಕಿ ವಿಂಡೋಸ್ ತುಂಬಿದ. ಆಗ ನನಗೆ ಎಚ್ಚರವಾಯಿತು.

ಅದೇ ಹೊತ್ತಿನಲ್ಲಿ ನನ್ನ ಹೊಟ್ಟೆಯ ಮೂಲೆಯಲ್ಲಿ ಒಂದು ಗಂಟು ಇಟ್ಟರು. ನಾನು ಎದ್ದು ನಡೆಯಲು ಬೇಕಾದ ಫೈಲುಗಳಿಗೆಲ್ಲ ಅಸಲಿನಂಥದೇ ಒಂದೊಂದು ಪ್ರತಿ ಅದರಲ್ಲಿತ್ತು. ಜೊತೆಗೆ ಒಬ್ಬ ಡಾಕ್ಟರನ್ನೂ ಇಟ್ಟರು. ಕರೆದರೆ ಏಳುತ್ತಾನೆ, ಕರೆಯದಿದ್ದರೆ ಮಲಗಿರುತ್ತಾನೆ. ಎದ್ದರೆ ಅವನಿಗೆ ಒಂದೇ ಕೆಲಸ. ನನ್ನ ಒಂದೊಂದು ಫೈಲನ್ನೂ ಗಂಟಿನಲ್ಲಿರುವ ಪ್ರತಿಯ ಜೊತೆ ಹಿಡಿದು ನೋಡುವುದು, ಕೆಟ್ಟಿದ್ದರೆ ಕಿತ್ತು ಹೊಸದು ಹಾಕುವುದು. ಹೊಟ್ಟೆಯಲ್ಲೇ ಡಾಕ್ಟರ್ ಇರುವ ಪ್ರಾಣಿ ಜಗತ್ತಿನಲ್ಲಿ ಬೇರೆ ಯಾವುದಿದೆ ಹೇಳಿ! ಆ ಜಂಬ ನನಗೂ ಸ್ವಲ್ಪ ಇತ್ತು.

ಮೊದಲ ಮನೆ ಹುಬ್ಬಳ್ಳಿಯದೇ ಒಂದು ಸೈಬರ್ ಕೆಫೆ. ಪರದೆಯನ್ನು ಟೇಬಲ್ ಮೇಲೆ ಠೀವಿಯಿಂದ ಕೂರಿಸಿ ನನ್ನನ್ನು ಕೆಳಗೆ ಧೂಳಿನಲ್ಲಿ ತಳ್ಳಿದ್ದರು. ಅಂದಿನಿಂದ ನಾನು ಮನುಷ್ಯರನ್ನು ಗುರುತಿಸಿದ್ದೆಲ್ಲ ಪಾದಗಳಿಂದಲೇ. ರಿಸಲ್ಟ್ ನೋಡಲು ಬಂದವರ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ನೌಕರಿಯ ಅರ್ಜಿ ತುಂಬುವವರ ಹೆಬ್ಬೆರಳು ಚಪ್ಪಲಿಯನ್ನು ಒತ್ತಿ ಹಿಡಿದಿರುತ್ತದೆ. ಸುಮ್ಮನೆ ಹೊತ್ತು ಕಳೆಯಲು ಬಂದವರು ಕಾಲು ಚಾಚಿ ನನ್ನ ಪವರ್ ಗುಂಡಿಗೆ ಒದ್ದರೆ ನಾನು ಮಾತಿನ ನಡುವೆಯೇ ಆರಿಹೋಗುತ್ತಿದ್ದೆ. ಯಾರೂ ಅಯ್ಯೋ ಅನ್ನುತ್ತಿರಲಿಲ್ಲ, ಮತ್ತೆ ಒತ್ತುತ್ತಿದ್ದರು, ಅಷ್ಟೇ. ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂತು, ಕೆಫೆ ಬಾಗಿಲು ಹಾಕಿತು.

ಧಾರವಾಡದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ದಸ್ತಗೀರ ನಮ್ಮನ್ನೆಲ್ಲ ಒಟ್ಟಿಗೆ ಕೊಂಡು ಟೆಂಪೋದಲ್ಲಿ ಹೇರಿಕೊಂಡು ಹೋದ. ಮೂಗಿಗೆ ಬಟ್ಟೆ ಕಟ್ಟಿಕೊಂಡು ನನ್ನ ಧೂಳು ಊದಿದ. ಹಳೆಯ ವಿಂಡೋಸ್ ತೆಗೆದು ಹೊಸದು ತುಂಬಿದ. ಒಳ್ಳೆಯ ಕೈ ಅವನದು, ಒತ್ತಬಾರದಲ್ಲಿ ಒತ್ತುವ ಕೈಯಲ್ಲ. ಅವನೇ ನನ್ನನ್ನು ಶಕುಂತಲಕ್ಕನ ಮನೆಗೆ ತಂದು ಬಿಟ್ಟ.

ಶಕುಂತಲಕ್ಕನದು ಮನೆಯ ಮುಂದಿನ ಕೋಣೆಯಲ್ಲೇ ನಡೆಯುವ ಕಸೂತಿ ಕೇಂದ್ರ. ನಾಲ್ಕಾರು ಹೆಣ್ಣುಮಕ್ಕಳು ಚಾಪೆಯ ಮೇಲೆ ಕೂತು ಇಳಕಲ್ ಸೀರೆಗಳಿಗೆ ಸೂಜಿ ಹಾಕುತ್ತಿದ್ದರು. ಕಸೂತಿಗೆ ಬಟ್ಟೆಯ ಮೇಲೆ ಗೆರೆ ಬರೆದುಕೊಳ್ಳುವಂತಿಲ್ಲ. ಎಳೆ ಎಣಿಸಿ ಸೂಜಿ ಚುಚ್ಚಬೇಕು, ಒಂದು ಎಳೆ ತಪ್ಪಿದರೆ ಹೊಲಿದ ಗೋಪುರ ಸೊಟ್ಟಗಾಗುತ್ತದೆ. ಆ ಎಣಿಕೆಯೆಲ್ಲ ಇದ್ದದ್ದು ನೀಲವ್ವ ಆಯಿಯ ತಲೆಯಲ್ಲಿ. ಶಕುಂತಲಕ್ಕನಿಗೆ ಸೂಜಿ ಹಿಡಿಯಲು ಕಲಿಸಿದ್ದು ಈ ಆಯಿಯೇ, ಪಕ್ಕದ ಓಣಿಯ ಅಜ್ಜಿ. ಆಯಿಯ ಕಣ್ಣು ಮಂಜಾಗಿತ್ತು, ಬೆರಳು ನಡುಗುತ್ತಿದ್ದವು. ತಾನು ಹೋಗುವ ಮೊದಲು ಎಲ್ಲವನ್ನೂ ಯಾರಿಗಾದರೂ ಒಪ್ಪಿಸಬೇಕೆಂದು ಅವಳಿಗೆ ಅವಸರ. ಅದಕ್ಕೇ ನನ್ನನ್ನು ತಂದದ್ದು.

ಆಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿ ಹೇಳುತ್ತಿದ್ದಳು: "ಎರಡ ಮ್ಯಾಲ, ಒಂದು ಅಡ್ಡ, ಮತ್ತ ಎರಡ ಮ್ಯಾಲ, ಈಗ ಹೊಳ್ಳು." ಅಕ್ಕ ಪರದೆಯ ಮೇಲಿನ ಚೌಕಗಳಲ್ಲಿ ಒಂದೊಂದನ್ನೇ ತುಂಬುತ್ತಿದ್ದಳು. ತುಳಸಿಕಟ್ಟೆ ಬಂತು, ಗಿಳಿ ಬಂತು, ನವಿಲು ಬಂತು. ಕೆಫೆಯಲ್ಲಿ ಸಾವಿರ ಜನ ನನ್ನ ಮೂಲಕ ಏನೇನೋ ನೋಡಿಕೊಂಡು ಹೋಗಿದ್ದರು, ನನ್ನೊಳಗೆ ಏನನ್ನೂ ಇಟ್ಟು ಹೋಗಿರಲಿಲ್ಲ. ಇಲ್ಲಿ ಇಡುತ್ತಿದ್ದರು. ನನಗೆ ಖುಷಿಯಾಯಿತು, ನಿಜವಾಗಿಯೂ ಖುಷಿಯಾಯಿತು.

ಕೊನೆಗೆ ಬಂದದ್ದು ತಾಯಿ ಆನೆ ಮತ್ತು ಮರಿ. ಅದು ಆಯಿಗೆ ಅವಳ ತಾಯಿ ಕಲಿಸಿದ ನಮೂನೆ, ಬೇರೆ ಯಾರ ಕೈಯಲ್ಲೂ ಇಲ್ಲ. ತಾಯಿಯನ್ನು ಒಂದು ಫೈಲಿನಲ್ಲಿ, ಮರಿಯನ್ನು ಇನ್ನೊಂದು ಫೈಲಿನಲ್ಲಿ ಅಕ್ಕ ಇಟ್ಟಳು. ಆಯಿ ಒಂದು ಕರಾರು ಹಾಕಿದಳು.

"ಇದರ ಪ್ರಿಂಟ್ ತಗೀಬ್ಯಾಡ, ಶಕ್ಕೂ. ಬ್ಯಾರೆ ಎಲ್ಲೂ ಇಡಬ್ಯಾಡ. ಹಿಂದ ನನ್ನ ನವಿಲ ಏನಾತು ಗೊತ್ತಲ್ಲ? ವ್ಯಾಪಾರಿ ಒಬ್ಬಾಂವ ಹಾಳಿ ನೋಡಿ ಒಯ್ದು ಮಷಿನ್ ಬಟ್ಟಿ ಮ್ಯಾಲ ಹೊಡಿಸಿ ಮಾರಿದ. ಹಂಗಾದ್ರ ನಾ ತಡಕೊಳ್ಳೂದಿಲ್ಲ."

"ಇಲ್ಲ ಆಯಿ, ಇದರಾಗ ಅಷ್ಟ ಇರ್ತೈತ್ರಿ," ಎಂದು ಅಕ್ಕ ಕಾಲಿನಿಂದ ನನ್ನನ್ನು ಮೆಲ್ಲಗೆ ಮುಟ್ಟಿ ತೋರಿಸಿದಳು.

ಇಷ್ಟು ದೊಡ್ಡ ನಂಬಿಕೆಯನ್ನು ನನ್ನಂಥ ಹಳೇ ಪೆಟ್ಟಿಗೆಯ ಮೇಲೆ ಹೊರಿಸುವಾಗ ನನ್ನನ್ನು ಒಂದು ಮಾತು ಕೇಳಬೇಡವೇ? ಕೇಳಲಿಲ್ಲ.

ಮುಂದೆ ಒಂದು ದಿನ ನನ್ನೊಳಗೆ ಅಪ್‌ಡೇಟ್ ಇಳಿಯುತ್ತಿತ್ತು, ನಡುವೆಯೇ ಕರೆಂಟ್ ಹೋಯಿತು. ಮತ್ತೆ ಎದ್ದಾಗ ನಾನು ನಾನಾಗಿರಲಿಲ್ಲ. ಮೆನು ಒತ್ತಿದರೆ ತೆರೆಯುತ್ತಿಲ್ಲ. ಯಾವ ಪ್ರೋಗ್ರಾಂ ಕರೆದರೂ "ಇಂಥ ಫೈಲು ಸಿಗುತ್ತಿಲ್ಲ" ಎಂದು ನನ್ನ ಬಾಯಿಂದ ಮಾತು ಬರುತ್ತಿದೆ. ಅಕ್ಕ ಗಾಬರಿಬಿದ್ದು ದಸ್ತಗೀರನನ್ನು ಕರೆಸಿದಳು.

ಅವನು ಬಂದವನೇ ಏನನ್ನೂ ಮುಟ್ಟಲಿಲ್ಲ. "ಮದ್ಲ ಏನಾಗಿತ್ರಿ? ಒಳಗ ಸಪ್ಪಳೇನರ ಬರ್ತಿತ್ತೇನ್ರಿ? ನಿಮ್ಮ ನಮೂನಿ ಫೈಲ್ ಸುದ್ದ ಅದಾವೇನ್ರಿ?" ಎಂದು ಒಂದೊಂದೇ ಕೇಳಿದ. ನನ್ನ ಬೆನ್ನಿಗೆ ಕಿವಿ ಹಚ್ಚಿ ಆಲಿಸಿದ. ಆಮೇಲೆ ಅಡ್ಮಿನಿಸ್ಟ್ರೇಟರ್ ಎಂಬ ಯಜಮಾನಿಕೆಯ ಅಪ್ಪಣೆ ಕೊಟ್ಟು, ಆಜ್ಞೆ ಬರೆಯುವ ಕರಿ ಕಿಟಕಿಯೊಂದನ್ನು ತೆರೆದು "ಎಸ್‌ಎಫ್‌ಸಿ ಸ್ಕ್ಯಾನ್‌ನೌ" ಎಂಬ ಆಜ್ಞೆ ಬರೆದ. ನನ್ನೊಳಗಿನ ಡಾಕ್ಟರು ಮೊದಲ ಸಲ ಎದ್ದ.

ಅದೆಂಥ ಹಿತ ಅಂತೀರಿ! ಅವನು ನನ್ನ ಮೈಯೆಲ್ಲ ತಡವುತ್ತ ಬಂದ. ಕೆಟ್ಟ ಫೈಲು ಸಿಕ್ಕಲ್ಲಿ ನಿಂತು, ಗಂಟು ಬಿಚ್ಚಿ, ಒಳ್ಳೆಯದನ್ನು ಹಾಕಿ ಮುಂದೆ ಹೋದ. "ಕೆಟ್ಟ ಫೈಲುಗಳು ಸಿಕ್ಕವು, ಸರಿಪಡಿಸಿದ್ದೇನೆ" ಎಂದು ಪರದೆಯ ಮೇಲೆ ಬರೆದು ಮತ್ತೆ ಮಲಗಿದ. ಆರಿಸಿ ಹಚ್ಚಿದ ಮೇಲೆ ನಾನು ಮೊದಲಿನಂತಾದೆ.

"ಏನ್ ಮಂತ್ರ ಹಾಕಿದ್ರಿ ಅಣ್ಣಾರ! ನನಗೂ ಹೇಳಿಕೊಡ್ರಿ," ಅಂದಳು ಅಕ್ಕ.

"ಮಂತ್ರಲ್ರಿ ಅಕ್ಕಾರ. ವಿಂಡೋಸ್ ತಾನ ಹಾದಿ ತಪ್ಪಿದ್ರ ಅಷ್ಟ ಇದು. ಹಿಂಗ ಕರೆಂಟ್ ಹೋಗಿ ಅರ್ಧಕ್ಕ ನಿಂತ್ರ, ಫೈಲ್ ಇಲ್ಲ ಅಂತ ಅಂದ್ರ, ಆವಾಗ ಹಚ್ಚೂದು. ಹಚ್ಚಿದ ಮ್ಯಾಲ ನಡೂಕ ಆರಿಸಬ್ಯಾಡ್ರಿ." ಇಷ್ಟು ಹೇಳಿ ಅವನು ಚಹಾ ಕುಡಿದು ಹೋದ.

ಅಕ್ಕ ಆ ಆಜ್ಞೆಯನ್ನು ಬಾಯಿಪಾಠ ಮಾಡಿದಳು. ಯಾವಾಗ ಹಚ್ಚಬೇಕು ಅನ್ನುವುದು ಆಚೆ ಕಿವಿಯಿಂದ ಹೊರಟುಹೋಯಿತು.

ಧಾರವಾಡದ ಕಡೆ ಅಂಗಡಿ, ಗಾಡಿ, ಮಷಿನ್ ಇದ್ದವರು ಅಮಾವಾಸ್ಯೆಗೆ ಅವಕ್ಕೆಲ್ಲ ಪೂಜೆ ಮಾಡುತ್ತಾರೆ. ಅಕ್ಕನೂ ಅಮಾಸಿಗೆ ಸೂಜಿಡಬ್ಬಿಗೆ, ಹೊಲಿಗೆ ಮಷಿನ್ನಿಗೆ, ನನಗೆ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗುತ್ತಿದ್ದಳು. ಈಗ ಅದರ ಜೊತೆಗೆ ಸ್ಕ್ಯಾನೂ ಸೇರಿತು. ಕಾಯಿ ಒಡೆದು, ಮಡಿಯಲ್ಲೇ ಕೂತು, ಕರಿ ಕಿಟಕಿ ತೆರೆದು ಡಾಕ್ಟರನ್ನು ಎಬ್ಬಿಸುವಳು. ನನಗೆ ಏನೂ ಆಗಿಲ್ಲ ತಾಯೀ ಎಂದು ನಾನು ಒಳಗೇ ಒದರುತ್ತಿದ್ದೆ. ಡಾಕ್ಟರು ಆಕಳಿಸುತ್ತ ಎದ್ದು ಮೈಯೆಲ್ಲ ನೋಡಿ "ಯಾವ ದೋಷವೂ ಸಿಗಲಿಲ್ಲ" ಎಂದು ಬರೆದು ಮಲಗುತ್ತಿದ್ದ. ಅಕ್ಕ ಕೈ ಮುಗಿಯುತ್ತಿದ್ದಳು.

ಅಮಾಸಿಗೆ ಮಾತ್ರವಾದರೆ ಸಹಿಸಿಕೊಂಡೇನು. ಮೌಸ್ ಓಡದಿದ್ದರೂ ಸ್ಕ್ಯಾನ್, ಪ್ರಿಂಟರ್‌ನಲ್ಲಿ ಶಾಯಿ ತೀರಿದರೂ ಸ್ಕ್ಯಾನ್. ಒಮ್ಮೆ ಪರದೆಯ ವೈರು ಸಡಿಲಾಗಿ ಬಣ್ಣವೆಲ್ಲ ಹಳದಿಯಾಗಿತ್ತು, ಅದಕ್ಕೂ ಸ್ಕ್ಯಾನ್! ನೀಲವ್ವ ಆಯಿಗೆ ನಗು ತಡೆಯುತ್ತಿರಲಿಲ್ಲ.

"ಶಕ್ಕೂ, ಮೊನ್ನಿಂದ ನನ್ನ ಮಂಡಿ ಹಿಡಕೊಂಡೈತಿ. ಅದಕ್ಕೂ ಒಂದೀಟು ಸ್ಕ್ಯಾನ್ ಹಚ್ಚ ನೋಡೂಣು."

"ನಗಬ್ಯಾಡ್ರಿ ಆಯಿ. ನಿಮ್ಮ ಆನಿ ಇದರಾಗ ಕುಂತಾವ. ಕಾಳಜಿ ಮಾಡಬೇಕಲ್ರಿ?"

ಕಾಳಜಿ ನಿಜವೇ, ಅದರಲ್ಲಿ ಸುಳ್ಳಿಲ್ಲ. ನನಗೆ ಹುಚ್ಚು ಹಿಡಿಸಿದ್ದೂ ಅದೇ ಕಾಳಜಿ. ಇಷ್ಟು ಸಲ ಹುಡುಕುತ್ತಿದ್ದಾರೆಂದರೆ ನನ್ನಲ್ಲಿ ಏನೋ ಇದ್ದೇ ಇರಬೇಕು, ಡಾಕ್ಟರಿಗೆ ಕಾಣುತ್ತಿಲ್ಲ ಅಷ್ಟೇ ಎಂದು ನನಗೇ ಅನ್ನಿಸತೊಡಗಿತು. ಚೆನ್ನಾಗಿರುವುದು ಅಂದರೆ ಹೇಗಿರುವುದು ಎಂಬುದೇ ಮರೆತುಹೋಯಿತು.

ಆಯಿಯ ಮೊಮ್ಮಗಳು ಸುನಂದಾ ಬಸುರಿಯಾದಳು. ಕುಬಸದ, ಅಂದರೆ ಸೀಮಂತದ ದಿನ ಅವಳು ಉಡುವ ಹಸಿರು ಇಳಕಲ್ ಸೀರೆಗೆ ತಾಯಿ ಆನೆ ಮತ್ತು ಮರಿ ಬರಬೇಕೆಂದು ಆಯಿಗೆ ಆಸೆ. ತನ್ನ ತಾಯಿಯ ನಮೂನೆಯನ್ನು ತಾನು ಬದುಕಿರುವಾಗ ಮೊಮ್ಮಗಳ ಮೈಮೇಲೆ ನೋಡಬೇಕು, ಇಷ್ಟೇ. ಅಕ್ಕ ಪರದೆಯ ಮುಂದೆ ಸೀರೆ ಹರವಿಕೊಂಡು ಕೂತಳು. ಪ್ರಿಂಟ್ ಇಲ್ಲವಲ್ಲ, ಪರದೆ ನೋಡಿ ಎಳೆ ಎಣಿಸುವುದು, ಸೂಜಿ ಹಾಕುವುದು, ಮತ್ತೆ ತಲೆ ಎತ್ತುವುದು. ಸೀರೆಯ ಚುಂಗು ಕೆಳಗೆ ಇಳಿದು ನನ್ನ ಮೈಗೆ ತಾಗುತ್ತಿತ್ತು. ಕುಬಸಕ್ಕೆ ವಾರ ಇರುವಾಗ ತಾಯಿ ಆನೆ ಮುಗಿಯಿತು.

ಮರಿಯ ಫೈಲು ಒತ್ತಿದಾಗ ನನಗೆ ಒಳಗೆಲ್ಲೋ ಕಚ್ಚಿದಂತಾಯಿತು. ಟಕ್. ಓದಲು ಹೋದೆ, ಆಗಲಿಲ್ಲ. ಟಕ್, ಟಕ್. ಮರಿ ಅಲ್ಲೇ ಇದೆ, ನನಗೆ ಗೊತ್ತು, ಕೈ ಚಾಚಿದರೆ ಸಿಗುತ್ತಿಲ್ಲ. ಪರದೆಯ ಮೇಲೆ ಅರ್ಧ ಸೊಂಡಿಲು ಬಂದು ನಿಂತಿತು, ಅದೂ ಮಾಯವಾಯಿತು.

ಅಕ್ಕ ಏನು ಮಾಡಿದಳೆಂದು ಬೇರೆ ಹೇಳಬೇಕೇ? ಕರಿ ಕಿಟಕಿ ತೆರೆದಳು.

ಡಾಕ್ಟರು ಎದ್ದ. ಈ ಸಲ ಅವನಿಗೂ ಗೊಂದಲ. ಅವನು ಮುಟ್ಟಿದಲ್ಲೆಲ್ಲ ನನಗೆ ನೋವು. ಅವನ ಗಂಟಿನಲ್ಲೇ ಕೆಲವು ಪ್ರತಿಗಳು ಓದಲು ಬರುತ್ತಿರಲಿಲ್ಲ. "ಕೆಟ್ಟ ಫೈಲುಗಳು ಸಿಕ್ಕಿವೆ, ಕೆಲವನ್ನು ಸರಿಪಡಿಸಲಾಗುತ್ತಿಲ್ಲ" ಎಂದು ಬರೆದ. ಅಕ್ಕ ಮತ್ತೆ ಹಚ್ಚಿದಳು, ಅದೇ ಉತ್ತರ. ಮಾರನೆಯ ದಿನ ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಇನ್ನೂ ದೊಡ್ಡ ಆಜ್ಞೆಯೊಂದನ್ನು ಕಲಿತಳು. ಒಳಗಿನ ಗಂಟೇ ಕೆಟ್ಟಿದ್ದರೆ ಇಂಟರ್‌ನೆಟ್ಟಿನಿಂದ ಹೊಸ ಪ್ರತಿಗಳನ್ನು ತಂದು ಗಂಟನ್ನೇ ರಿಪೇರಿ ಮಾಡುವ ಆಜ್ಞೆ ಅದು. ಗಂಟು ಸರಿಯಾದ ಮೇಲೆ ಮೊದಲಿನ ಸ್ಕ್ಯಾನನ್ನು ಮತ್ತೆ ಹಚ್ಚಬೇಕಂತೆ. ಒಳ್ಳೆಯ ಆಜ್ಞೆಯೇ, ನನಗೆ ಬೇರೆ ರೋಗವಿದ್ದಿದ್ದರೆ.

ಆ ದೊಡ್ಡ ಆಜ್ಞೆ ನನ್ನನ್ನು ಅರೆಯತೊಡಗಿತು. ತರುವುದು, ಬರೆಯುವುದು, ಓದುವುದು, ಮತ್ತೆ ಬರೆಯುವುದು. ಒಳಗಿನ ತಟ್ಟೆ ಒಂದೊಂದು ಸುತ್ತು ತಿರುಗಿದಾಗಲೂ ಏನೋ ಉಜ್ಜಿ ಉದುರುತ್ತಿತ್ತು. ನನಗೆ ಹೇಳಬೇಕಾಗಿದ್ದು ಒಂದೇ ಮಾತು. ಹುಡುಕುವುದು ಬಿಡು ತಾಯೀ, ಮೊದಲು ಮರಿಯನ್ನು ಹೊರಗೆ ತೆಗೆ. ಆ ಮಾತು ಹೇಳುವ ಬಾಯಿ ನನಗಿರಲಿಲ್ಲ. ಡಾಕ್ಟರಿಗೆ ಹೇಳಿದರೆ, "ಯಾವ ಮರಿ?" ಎಂದು ಕೇಳಿದ. ಅವನ ಗಂಟಿನಲ್ಲಿ ಆನೆಯೇ ಇರಲಿಲ್ಲ. ಇಷ್ಟು ಅಮಾಸಿ ನನ್ನ ಮೈ ತಡವಿದ್ದಾನೆ, ಒಮ್ಮೆಯೂ ಆನೆಯ ಕಡೆ ನೋಡಿಲ್ಲ. ಆಗ ನನಗೆ ನಿಜಕ್ಕೂ ಭಯವಾಯಿತು.

ಅಕ್ಕ ದಸ್ತಗೀರನಿಗೆ ಫೋನ್ ಹಚ್ಚಿದಳು. ಅವನು ತಂಗಿಯ ಮಗಳ ಮದುವೆಗೆಂದು ವಿಜಯಪುರಕ್ಕೆ ಹೋಗಿದ್ದ. ಫೋನಿನ ಆಚೆ ಬ್ಯಾಂಡಿನ ಸದ್ದು.

"ಅಣ್ಣಾರ, ಆನಿಮರಿ ತೆರಿವಲ್ದರಿ! ನಿನ್ನೆಯಿಂದ ಸ್ಕ್ಯಾನ್ ಹಚ್ಚಾಕತ್ತೀನಿ, ರಿಪೇರಿ ಆಗವಲ್ದು ಅಂತೈತಿ."

"ಸಪ್ಪಳ ಬರ್ತೈತೇನ್ರಿ? ಫೋನ್ ಅದರ ಹತ್ರ ಹಿಡೀರಿ."

ಅಕ್ಕ ನೆಲಕ್ಕೆ ಮಂಡಿಯೂರಿ ಬಗ್ಗಿದಳು. ಇಷ್ಟು ವರ್ಷ ಅವಳ ಕಾಲುಂಗುರ ನೋಡಿದ್ದೆ, ಒಡೆದ ಹಿಮ್ಮಡಿ ನೋಡಿದ್ದೆ. ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಅಂದೇ. ಅತ್ತು ಕಣ್ಣು ಬಾತಿದ್ದವು. ಟಕ್, ಟಕ್ ಎಂದೆ ನಾನು, ಆದಷ್ಟು ಜೋರಾಗಿ.

"ಯಾ ಅಲ್ಲಾ! ಆರಸ್ರಿ ಅದನ್ನ, ಈಗಿಂದೀಗ ಆರಸ್ರಿ!"

"ನಡೂಕ ಆರಿಸಬ್ಯಾಡ್ರಿ ಅಂತ ನೀವಽ ಹೇಳಿದ್ರಲ್ರಿ?"

"ಅದು ಬ್ಯಾರೆ, ಇದು ಬ್ಯಾರೆ ಅಕ್ಕಾರ! ಅದು ವಿಂಡೋಸ್ ಕೆಟ್ಟಾಗಿನ ಮಾತು. ಈಗ ಕೆಟ್ಟಿದ್ದು ಡಿಸ್ಕ್. ಹರದ ಬಟ್ಟಿಗೆ ಹೊಲಿಗಿ ಹಾಕಬಹುದು. ಬಟ್ಟಿನಽ ಜೀರ್ಣಾಗಿದ್ರ ಸೂಜಿ ಚುಚ್ಚಿದಷ್ಟೂ ಹರೀತೈತ್ರಿ. ಮತ್ತ ಆ ಸ್ಕ್ಯಾನ್ ನಿಮ್ಮ ಆನಿ ನೋಡೂದಽ ಇಲ್ಲ. ಕಂಪನಿಯವ್ರು ಹಾಕಿ ಕೊಟ್ಟದ್ದನ್ನಷ್ಟ ನೋಡ್ತೈತಿ. ನೀವು ಹಾಕಿದ್ದು ಅದಕ್ಕ ಗೊತ್ತಿಲ್ಲ!"

ಅಕ್ಕನ ಕೈ ಪ್ಲಗ್ಗಿನ ಮೇಲೆ ಬಂದು ನಿಂತಿತು. ಎಳೆದರೆ ಮರಿ ಉಳಿಯುತ್ತದೋ ಹೋಗುತ್ತದೋ ಅವಳಿಗೆ ಗೊತ್ತಿಲ್ಲ, ನನಗೂ ಗೊತ್ತಿಲ್ಲ. "ಶಿವನಽ" ಎಂದು ಕಣ್ಣು ಮುಚ್ಚಿ ಎಳೆದಳು.

ಮತ್ತೆ ಎಚ್ಚರವಾದಾಗ ನಾನು ದಸ್ತಗೀರನ ಅಂಗಡಿಯಲ್ಲಿದ್ದೆ. ಮೈ ವಿಪರೀತ ಹಗುರ. ಫ್ಯಾನಿಲ್ಲ, ಪೆಟ್ಟಿಗೆಯಿಲ್ಲ, ಬೋರ್ಡಿಲ್ಲ. ಅಂಗೈಯಗಲದ ಒಂದು ಲೋಹದ ತುಂಡು ಅಷ್ಟೇ. ಅಯ್ಯೋ, ನಾನು ಅಂದರೆ ಇಷ್ಟೇನಾ? ಇಷ್ಟು ದಿನ ಇಡೀ ಕಂಪ್ಯೂಟರೇ ನಾನು ಎಂದು ಬೀಗುತ್ತಿದ್ದೆ. ನೆನಪೆಲ್ಲ ಈ ಡಿಸ್ಕಿನಲ್ಲಿದೆ ಎಂದಮೇಲೆ ನಾನು ಡಿಸ್ಕೇ ಇರಬೇಕು. ಹಾಗಾದರೆ ಅಲ್ಲಿ ಅಕ್ಕನ ಟೇಬಲ್ ಕೆಳಗೆ ಉಳಿದಿರುವವರು ಯಾರು? ದಸ್ತಗೀರ ಆ ಪೆಟ್ಟಿಗೆಗೆ ಹೊಸ ಡಿಸ್ಕ್ ಹಾಕಿ, ಹೊಸ ವಿಂಡೋಸ್ ತುಂಬಿದ. ಅದು ಅಕ್ಕನ ಕಾಲಿನ ಪಕ್ಕದಲ್ಲಿ ಈಗಲೂ ಗುಂಯ್ಗುಡುತ್ತ ಕೂತಿದೆ. ಅದು ನಾನೋ ಅಲ್ಲವೋ ಇಂದಿಗೂ ತಿಳಿದಿಲ್ಲ.

ದಸ್ತಗೀರ ನನ್ನನ್ನು ತನ್ನ ಯಂತ್ರಕ್ಕೆ ಜೋಡಿಸಿ, ತುಸು ಓದಿಸಿ, ನಿಲ್ಲಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ತುಸು ಓದಿಸಿದ. ತುಳಸಿಕಟ್ಟೆ ಹೊರಗೆ ಬಂತು. ಗಿಳಿ, ನವಿಲು, ಗೋಪುರ ಬಂದವು. ತಾಯಿ ಆನೆಯೂ ಬಂತು. ಮರಿ ಬರಲಿಲ್ಲ.

"ಮದಲನೇ ದಿನ ಆರಿಸಿದ್ರ ಬರ್ತಿತ್ತೇನ್ರಿ?" ಎಂದು ಅಕ್ಕ ಕೇಳಿದಳು. ದಸ್ತಗೀರ ಸುಳ್ಳು ಹೇಳುವವನಲ್ಲ. "ಬರ್ತಿತ್ತೇನೋ ಅಕ್ಕಾರ," ಎಂದು ತಲೆ ತಗ್ಗಿಸಿದ. "ನಾ ಆವಾಗ ಇನ್ನೊಂದ ಮಾತು ಹೇಳಿ ಹೋಗಬೇಕಿತ್ತು."

ಅಕ್ಕ ನನ್ನನ್ನು ಬಿಸಾಡದೆ ಮನೆಗೆ ತಂದು ದಾರದ ಲಡಿಗಳಿದ್ದ ಡ್ರಾಯರಿನಲ್ಲಿ ಇಟ್ಟಳು. ಅದು ಪೂರ್ತಿ ಮುಚ್ಚುತ್ತಿರಲಿಲ್ಲ, ಸಂದಿಯಿಂದ ಕೋಣೆ ಕಾಣುತ್ತಿತ್ತು. ಅವಳು ಆಯಿಗೆ ವಿಷಯ ಹೇಳಿದ್ದು ಡ್ರಾಯರಿನೊಳಗೂ ಕೇಳಿಸಿತು. ಆಯಿ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಗೋಡೆಗೆ ಒರಗಿ, ಕಣ್ಣು ಮುಚ್ಚಿ ಶುರು ಮಾಡಿದಳು.

"ಎರಡ ಮ್ಯಾಲ... ಒಂದು ಅಡ್ಡ... ಅಲ್ಲಲ್ಲ. ಮರಿ ಸೊಂಡಿ ತಾಯಿ ಹೊಟ್ಟಿ ಕೆಳಗ ಬರ್ತೈತಿ... ಇಲ್ಲ, ಬಾಲ ಹಿಡಕೊಂಡೈತೇನು..." ಮತ್ತೆ ಮೊದಲಿನಿಂದ ಹಿಡಿದಳು, ಮತ್ತೆ ಬೇರೆ ದಾರಿಗೆ ಹೋದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. "ಬರವಲ್ದು ಶಕ್ಕೂ. ಎಲ್ಲಾ ಕಲಸಿ ಹೋತು. ಒಮ್ಮೆ ನಿನಗ ಹೇಳಿಬಿಟ್ಟೆ ಅಂತ ನನ್ನ ತಲಿ ಅದನ್ನ ಕೈ ಬಿಟ್ಟೈತಿ."

"ತಪ್ಪಾತ್ರಿ ಆಯಿ. ನನ್ನಿಂದ ತಪ್ಪಾತು," ಎಂದು ಅಕ್ಕನೂ ಅತ್ತಳು.

"ಪ್ರಿಂಟ್ ಬ್ಯಾಡ ಅಂದಾಕಿ ನಾನಲ್ಲೇನು? ಸಾಕು ಬಿಡು. ನೀ ಹಾಕು ಮರೀನ."

"ನನಗ ನೋಡಿ ಹಾಕೂದಷ್ಟ ಬರ್ತೈತ್ರಿ."

"ತಾಯಿ ಐತಲ್ಲ ನಿನ್ನ ಮುಂದ. ಅದನ್ನ ನೋಡು. ಅದರ ಮರಿ ಹೆಂಗಿದ್ದೀತು, ಹಂಗ ಹಾಕು."

ಅಕ್ಕ ಕಂಪ್ಯೂಟರ್ ಹಚ್ಚಲಿಲ್ಲ. ಸೀರೆ ಮಡಿಲಲ್ಲಿಟ್ಟುಕೊಂಡು ಕೂತಳು. ಹಾಕುವಳು, ಕೀಳುವಳು, ಮತ್ತೆ ಹಾಕುವಳು. ಡ್ರಾಯರ್ ತೆರೆದು ದಾರ ತೆಗೆಯುವಾಗ ನಾನು ಇಣುಕಿ ನೋಡುತ್ತಿದ್ದೆ. ಕಾಲು ಬಂತು, ಹೊಟ್ಟೆ ಬಂತು. ಸೊಂಡಿಲು ಮೇಲಕ್ಕೆತ್ತಿ, ಕತ್ತು ಹೊರಳಿಸಿ, ಹಿಂದೆ ಯಾರನ್ನೋ ನೋಡುತ್ತಿರುವ ಮರಿ. ನನ್ನಲ್ಲಿರುವ ಮರಿ ಹೀಗಿರಲಿಲ್ಲ ಎಂದು ಕೂಗಬೇಕೆನಿಸಿತು. ಹೇಗಿತ್ತು ಎಂದು ಯಾರಾದರೂ ಕೇಳಿದ್ದರೆ, ಓದಲು ನನಗೇ ಆಗುತ್ತಿರಲಿಲ್ಲ.

ಕುಬಸ ಅಕ್ಕನ ಮನೆಯ ಆ ಮುಂದಿನ ಕೋಣೆಯಲ್ಲೇ ಆಯಿತು. ಸುನಂದಾ ಹಸಿರು ಸೀರೆ ಉಟ್ಟು, ಹಸಿರು ಬಳೆ ತೊಟ್ಟು ಕೂತಳು. ಬಂದ ಹೆಂಗಸರೆಲ್ಲ ಆನೆ ನೋಡಿ ಯವ್ವಾ ಯವ್ವಾ ಅನ್ನುತ್ತಿದ್ದರು. ಆಯಿ ಮೊಮ್ಮಗಳ ಪಕ್ಕದಲ್ಲಿ ಕೂತು, ಕಣ್ಣು ಕಾಣದ್ದಕ್ಕೆ ಬೆರಳಿನಿಂದ ಸೀರೆ ತಡವಿದಳು. ತಾಯಿ ಆನೆಯ ಮೇಲೆ ಬೆರಳು ಸರಾಗವಾಗಿ ಓಡಿತು. ಮರಿಗೆ ಬಂದು ತಡೆಯಿತು.

"ಇದು ನಮ್ಮವ್ವನ ಮರಿ ಅಲ್ಲ," ಅಂದಳು ಆಯಿ. ಬೆರಳು ಎತ್ತಿದ ಸೊಂಡಿಲಿನ ತುದಿಯವರೆಗೂ ಹೋಗಿ ಬಂತು. "ಆದ್ರ ಮರಿ ಐತಿ. ಜೀವಂತ ಐತಿ." ಆಮೇಲೆ ಅಕ್ಕನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇದನ್ನ ಕಂಪ್ಯೂಟರ್‌ನ್ಯಾಗ ಹಾಕಿ ಪ್ರಿಂಟ್ ತಗೀ ಶಕ್ಕೂ. ಈ ಹುಡುಗ್ಯಾರಿಗೆಲ್ಲಾ ಒಂದೊಂದು ಕೊಡು. ಕದ್ರ ಕದೀಲಿ."

ನಾನು ಈಗಲೂ ಅದೇ ಡ್ರಾಯರಿನಲ್ಲಿ ದಾರಗಳ ನಡುವೆ ಮಲಗಿದ್ದೇನೆ. ಸ್ಕ್ಯಾನಿಲ್ಲ, ಕುಂಕುಮವಿಲ್ಲ. ನಾನು ಕೆಟ್ಟವನೋ ಸುಸ್ತಾದವನೋ ಎಂದು ಕೇಳುವವರೂ ಇಲ್ಲ. ಎಷ್ಟೋ ಸಲ ಯೋಚಿಸುತ್ತೇನೆ, ಏನೂ ಬಗೆಹರಿಯುವುದಿಲ್ಲ. ಗೊತ್ತಿರುವುದು ಇಷ್ಟೇ. ನನ್ನೊಳಗೆ, ಯಾರ ಕೈಗೂ ಎಟುಕದ ಜಾಗದಲ್ಲಿ, ಆಯಿಯ ತಾಯಿಯ ಆ ಮರಿ ಇನ್ನೂ ನಿಂತಿದೆ. ಅದರ ತಾಯಿ ಸುನಂದಾಳ ಸೀರೆಯ ಮೇಲೆ, ಬೇರೊಂದು ಮರಿಯನ್ನು ಕರೆದುಕೊಂಡು ಹೊರಟುಹೋಗಿದೆ.